ಕಾರಿನ ಸ್ಪ್ರಿಂಗು ಮತ್ತು ಘಟ್ಟದ ತಿರುವು

ಕಾರಿನ ಸ್ಪ್ರಿಂಗನ್ನು ಕುರಿತು ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಲೇಖನ ಬರೆಯುತ್ತಾಳೆಂದರೆ ನಮ್ಮ ಕಾಲೇಜಿನ ಗೆಳತಿಯರಿಗೇ ನಗು ಬಂದೀತು. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಎಂಜಿನಿಯರಿಂಗ್ ಕಾಲೇಜಿನ ಬಾಗಿಲನ್ನು ಕೂಡ ನಾನು ಕಂಡವಳಲ್ಲ. ಆದರೆ ನಮ್ಮ ತಂದೆಯವರು ಮೂವತ್ತು ವರ್ಷಗಳಿಂದ ಕಾಫಿ ತೋಟವೊಂದರಲ್ಲಿ ಜೀಪು ನಡೆಸುತ್ತಿರುವವರು. ನಮ್ಮ ಮನೆಗೆ ಪುಸ್ತಕಕ್ಕಿಂತ ಮೊದಲು ಬಂದದ್ದು ಸ್ಪ್ಯಾನರು. ಕಳೆದ ಮಳೆಗಾಲದಲ್ಲಿ ಚಾರ್ಮಾಡಿ ಘಟ್ಟದ ಒಂದು ತಿರುವಿನಲ್ಲಿ ನಮ್ಮ ಮನೆಯವರೆಲ್ಲರಿಗೂ ಒದಗಿದ್ದ ಗಂಡಾಂತರವೊಂದು ನನ್ನನ್ನು ಈ ವಿಷಯದ ಕಡೆಗೆ ಎಳೆಯಿತು. ಸ್ಪ್ರಿಂಗು ಮೊದಲಾದುವನ್ನು ಮಾರ್ಪಡಿಸಿದರೆ ಕಾರು ತಿರುವಿನಲ್ಲಿ ಹೆಚ್ಚು ಭದ್ರವಾಗಿ ನಡೆಯುವುದು ನಿಜವೆ? ನಿಜವಾದರೆ ಅದು ಹೇಗೆ, ಎಷ್ಟರ ಮಟ್ಟಿಗೆ? ಇದನ್ನು ನನ್ನ ಅಲ್ಪಮತಿಗೆ ತಿಳಿದಷ್ಟು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಡೆದ ಸಂಗತಿಯನ್ನು ಹೇಳಿಬಿಡುತ್ತೇನೆ. ನಮ್ಮದೊಂದು ಹಳೆಯ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತುಹೋದ ಈ ಪುಟ್ಟ ಕಾರಿನ ಪರಿಚಯ ಯಾರಿಗಿಲ್ಲ? ತಂದೆಯವರು ವರ್ಷಗಟ್ಟಲೆ ಕೂಡಿಟ್ಟ ಹಣದಿಂದ, ಇಬ್ಬರ ಕೈ ದಾಟಿ ಬಂದಿದ್ದ ಅದನ್ನು ಕೊಂಡರು. ಪೇಟೆಯ ಮೊಬೈಲು ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಅಣ್ಣನಿಗೆ ಆ ಕಾರಿನ ಮೇಲೆ ಅಪಾರ ಪ್ರೀತಿ. ಚಿತ್ರಗಳಲ್ಲಿ ಕಾಣುವ ಓಟದ ಕಾರುಗಳೆಲ್ಲ ನೆಲಕ್ಕೆ ತಗಲುವಷ್ಟು ತಗ್ಗಾಗಿರುವುದನ್ನು ಆತ ನೋಡಿದ್ದನು. “ಕಾರು ತಗ್ಗಾದರೆ ತಿರುವಿನಲ್ಲಿ ಬಾಗುವುದಿಲ್ಲ, ಬಾಗದಿದ್ದರೆ ಜಾರುವುದಿಲ್ಲ” ಎಂಬುದು ಅವನ ವಾದ. ಒಂದು ದಿನ ಗ್ಯಾರೇಜೊಂದಕ್ಕೆ ಹೋಗಿ ನಾಲ್ಕು ಸ್ಪ್ರಿಂಗುಗಳಿಂದಲೂ ಒಂದೊಂದು ಸುತ್ತನ್ನು ಕತ್ತರಿಸಿ ಹಾಕಿಸಿಕೊಂಡು ಬಂದನು. ಊರಿನ ನುಣುಪಾದ ರಸ್ತೆಯಲ್ಲಿ ಕಾರು ನಿಜವಾಗಿಯೂ ಮೊದಲಿಗಿಂತ ಚುರುಕಾಗಿ ತಿರುಗುತ್ತಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ. ನನಗೂ ಅದು ಹಿಡಿಸಿತ್ತು.

ಜೂನ್ ತಿಂಗಳಿನಲ್ಲಿ ಬೆಳ್ತಂಗಡಿಯ ಕಡೆ ನೆಂಟರ ಮನೆಯ ಮದುವೆ. ಅಣ್ಣ ಕಾರು ನಡೆಸುತ್ತಿದ್ದನು, ಪಕ್ಕದಲ್ಲಿ ತಂದೆಯವರು, ಹಿಂದೆ ಅಮ್ಮ, ಅಜ್ಜಿ ಮತ್ತು ನಾನು. ಕೊಟ್ಟಿಗೆಹಾರ ದಾಟಿ ಘಟ್ಟ ಇಳಿಯತೊಡಗಿದಾಗ ಮಂಜು, ಮಳೆ ಎರಡೂ ಇದ್ದುವು. ಅಣ್ಣನೇನೂ ವಿಪರೀತ ವೇಗದಲ್ಲಿರಲಿಲ್ಲ. ಒಂದು ತಿರುವಿನ ನಡುವೆ ಡಾಂಬರು ಕಿತ್ತು ಹೋಗಿತ್ತು. ಅಲ್ಲಿಗೆ ಬಂದೊಡನೆ ಕಾರಿನ ಮುಂಭಾಗದಲ್ಲಿ ‘ಧಡ್’ ಎಂದು ಸದ್ದಾಯಿತು. ಚಕ್ರ ನೆಗೆಯಿತು. ಸ್ಟಿಯರಿಂಗು ಪೂರ್ತಿ ತಿರುಗಿಸಿದ್ದರೂ ಕಾರು ತಿರುಗದೆ ನೆಟ್ಟಗೆ ಕಣಿವೆಯ ಕಡೆಗೆ ಜಾರಿತು. ರಸ್ತೆಯಂಚಿನ ಕೆಸರಿನಲ್ಲಿ, ತಡೆಗೋಡೆಗೆ ಒಂದು ಮೊಳದಷ್ಟು ದೂರದಲ್ಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಅಜ್ಜಿ ಮಾತ್ರ ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ತಂದೆಯವರು ಮಳೆಯಲ್ಲಿಯೇ ಇಳಿದು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈಯಿಟ್ಟು ನೋಡಿದರು. ನಾಲ್ಕು ಬೆರಳು ಹಿಡಿಸಬೇಕಾದಲ್ಲಿ ಎರಡು ಬೆರಳು ಹಿಡಿಸಿದುವು. ಅವರು ಅಣ್ಣನನ್ನು ಬಯ್ಯಲಿಲ್ಲ. “ಗಾಡಿ ಬಾಗಲಿ, ಬಾಗಿದರೆ ತಪ್ಪಿಲ್ಲ. ಟೈರು ನೆಲ ಬಿಡಬಾರದು” ಎಂದಷ್ಟೇ ಹೇಳಿ, ತಾವೇ ಸ್ಟಿಯರಿಂಗು ಹಿಡಿದು ನಿಧಾನವಾಗಿ ಘಟ್ಟ ಇಳಿಸಿದರು.

ಶಾಲೆಯ ಮೂರನೆಯ ತರಗತಿಯನ್ನೂ ಮುಗಿಸದ ತಂದೆಯವರು ಹೇಳಿದ ಈ ಎರಡು ಮಾತಿನ ಅರ್ಥ ಹುಡುಕುತ್ತ ನಾನು ಗ್ರಂಥಾಲಯದಲ್ಲಿ ಹಲವು ಸಂಜೆಗಳನ್ನು ಕಳೆದೆ. ಪಕ್ಕದ ವಿಜ್ಞಾನ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ದಯೆಯಿಟ್ಟು ಲೆಕ್ಕಗಳನ್ನು ಬಿಡಿಸಿ ತೋರಿಸಿದರು. ಕೊನೆಗೆ ತಿಳಿದದ್ದೇನೆಂದರೆ, ಇಡೀ ಶಾಸ್ತ್ರದ ತಿರುಳು ಆ ಎರಡು ಮಾತಿನಲ್ಲಿಯೇ ಇದೆ ಎಂಬುದು.

ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಟೈರು ನೆಲಕ್ಕೆ ತಗಲುವ ಜಾಗ ಹೆಚ್ಚೆಂದರೆ ನಮ್ಮ ಅಂಗೈಯಷ್ಟು. ಕಾರನ್ನು ಓಡಿಸುವುದು, ನಿಲ್ಲಿಸುವುದು, ತಿರುಗಿಸುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ. ಕಾರಿನ ತಿರುವಿನ ನಡವಳಿಕೆ ಒಳ್ಳೆಯದೆಂದರೆ ಆ ನಾಲ್ಕು ಹಿಡಿತಗಳು ಒಂದನ್ನೊಂದು ಹೊಂದಿಕೊಂಡಿವೆ, ಚಾಲಕನಿಗೆ ಹೇಳದೆ ಕೇಳದೆ ತಪ್ಪಿ ಹೋಗುವುದಿಲ್ಲ ಎಂದು ಅರ್ಥ. ಸ್ಪ್ರಿಂಗು, ಷಾಕ್ ಅಬ್ಸಾರ್ಬರು, ತೋಳುಗಳು, ರಬ್ಬರು ಬುಷ್ಷುಗಳು ಇವೆಲ್ಲ ಸೇರಿದ ಸಸ್ಪೆನ್ಷನ್ ಎಂಬ ಏರ್ಪಾಡು ಇರುವುದು ನಮ್ಮ ಸೊಂಟಕ್ಕೆ ನೋವಾಗದಿರಲಿ ಎಂದು ಮಾತ್ರವಲ್ಲ, ಮುಖ್ಯವಾಗಿ ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವುದಕ್ಕೆ.

ಇನ್ನು ತಿರುವಿನಲ್ಲಿ ಏನಾಗುತ್ತದೆ ನೋಡೋಣ. ಲೆಕ್ಕ ಸುಲಭವಾಗಲೆಂದು ಜನರೂ ಸೇರಿ ಕಾರಿನ ತೂಕ 900 ಕಿಲೋ ಎಂದಿಟ್ಟುಕೊಳ್ಳಿ. ಗುರುತ್ವ ಕೇಂದ್ರ ನೆಲದಿಂದ 50 ಸೆಂಟಿಮೀಟರು ಎತ್ತರದಲ್ಲಿರಲಿ, ಎಡಬಲ ಚಕ್ರಗಳ ನಡುವಣ ಅಂತರ 125 ಸೆಂಟಿಮೀಟರು ಇರಲಿ. 20 ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ಹೋದರೆ, ಕಾರಿನ ತೂಕದ ಸುಮಾರು ಅರ್ಧದಷ್ಟು ಬಲ ಅದನ್ನು ಹೊರಕ್ಕೆಳೆದಂತಾಗುತ್ತದೆ. ಆಗ 900ರ ಅರ್ಧವನ್ನು 50ರಿಂದ ಗುಣಿಸಿ 125ರಿಂದ ಭಾಗಿಸಿದರೆ 180 ಕಿಲೋ ಬರುತ್ತದೆ. ಇಷ್ಟು ಭಾರ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ದಾಟುತ್ತದೆ. ಎರಡು ಕಡೆಗೂ 450 ಕಿಲೋ ಸಮನಾಗಿದ್ದುದು ಹೊರಗೆ 630, ಒಳಗೆ 270 ಆಗುತ್ತದೆ. ವೇಗ ಇಮ್ಮಡಿಯಾದರೆ ಹೊರಕ್ಕೆಳೆಯುವ ಬಲ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಭಾರ ದಾಟಿದರೇನಾಯಿತು, ಒಟ್ಟು ಅಷ್ಟೇ ಇದೆಯಲ್ಲ ಎಂದು ಕೇಳಬಹುದು. ಇಲ್ಲಿಯೇ ಸ್ವಾರಸ್ಯವಿರುವುದು. ತೋಟದಲ್ಲಿ ಇಬ್ಬರು ಆಳುಗಳು ಒಂದೊಂದು ಕಾಫಿ ಮೂಟೆ ಹೊತ್ತು ನಡೆಯುತ್ತಿದ್ದಾರೆನ್ನಿ. ಒಬ್ಬನ ಹೊರೆಯಲ್ಲಿ ಅರ್ಧವನ್ನು ತೆಗೆದು ಇನ್ನೊಬ್ಬನ ತಲೆಯ ಮೇಲೆ ಹೇರಿದರೆ ಇಬ್ಬರ ಒಟ್ಟು ಕೆಲಸ ಮೊದಲಿನಷ್ಟೇ ನಡೆಯುತ್ತದೆಯೆ? ಟೈರಿನದೂ ಇದೇ ಸ್ವಭಾವ. ಭಾರ ಹೆಚ್ಚಿದರೆ ಅದರ ಹಿಡಿತವೂ ಹೆಚ್ಚುವುದು ನಿಜ, ಆದರೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಒಳಗಿನ ಟೈರು ಕಳೆದುಕೊಂಡಷ್ಟನ್ನು ಹೊರಗಿನ ಟೈರು ಗಳಿಸಲಾರದು. ಆದ್ದರಿಂದ ಭಾರ ಹೆಚ್ಚು ದಾಟಿದಷ್ಟೂ ಒಟ್ಟು ಹಿಡಿತ ಕಡಮೆ.

ಈಗ ಅಣ್ಣನ ವಾದಕ್ಕೆ ಬರೋಣ. ಸ್ಪ್ರಿಂಗು ಬಿಗಿಯಾದರೆ ಕಾರು ಕಡಮೆ ಬಾಗುತ್ತದೆ. ಆದರೆ ಮೇಲಿನ ಲೆಕ್ಕದಲ್ಲಿ ಸ್ಪ್ರಿಂಗಿನ ಮಾತೇ ಬರಲಿಲ್ಲ ಎಂಬುದನ್ನು ವಾಚಕರು ಗಮನಿಸಿರಬಹುದು. ಬಾಗಲಿ, ಬಾಗದಿರಲಿ, ದಾಟುವ ಭಾರ ಹೆಚ್ಚುಕಡಮೆ ಅಷ್ಟೇ. ಅದನ್ನು ಕಡಮೆ ಮಾಡಬೇಕಾದರೆ ಗುರುತ್ವ ಕೇಂದ್ರವನ್ನು ತಗ್ಗಿಸಬೇಕು, ಇಲ್ಲವೆ ಚಕ್ರಗಳ ನಡುವಣ ಅಂತರವನ್ನು ಹೆಚ್ಚಿಸಬೇಕು, ಇಲ್ಲವೆ ತೂಕವನ್ನೋ ವೇಗವನ್ನೋ ಇಳಿಸಬೇಕು. ಕಾರನ್ನು ತಗ್ಗಿಸಿದ ಅಣ್ಣನ ತರ್ಕ ಪೂರ್ತಿ ಸುಳ್ಳಲ್ಲ. 4 ಸೆಂಟಿಮೀಟರು ತಗ್ಗಿಸಿದರೆ 180 ಕಿಲೋ ಇದ್ದುದು ಸುಮಾರು 166 ಕಿಲೋ ಆಗುತ್ತದೆ. ಲಾಭ 14 ಕಿಲೋ. ಆದರೆ ಈ ಲಾಭಕ್ಕೆ ಕೊಟ್ಟ ಬೆಲೆಯೇನು?

ಸುತ್ತು ಸ್ಪ್ರಿಂಗಿನ ಬಿಗಿ ಅದರ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಉಳಿದ ಐದರ ಬಿಗಿ ಮೊದಲಿಗಿಂತ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು. ಷಾಕ್ ಅಬ್ಸಾರ್ಬರನ್ನು ಮಾಡಿರುವುದು ಹಳೆಯ ಸ್ಪ್ರಿಂಗಿಗೆ. ಹೊಸ ಬಿಗಿಯನ್ನು ಅದು ಹಿಡಿದು ನಿಲ್ಲಿಸಲಾರದೆ ಚಕ್ರ ಕುಣಿಯುತ್ತದೆ. ಚಕ್ರ ಮೇಲಕ್ಕೆ ಚಲಿಸಲು ಇದ್ದ ಜಾಗವೂ ಅರ್ಧವಾಯಿತು. ಆ ಜಾಗ ಮುಗಿದಲ್ಲಿ ಒಂದು ರಬ್ಬರಿನ ತಡೆ ಇರುತ್ತದೆ. ಅದಕ್ಕೆ ಬಡಿದ ಕ್ಷಣ ಸ್ಪ್ರಿಂಗು ಇಲ್ಲವೇ ಇಲ್ಲವೆಂದಂತಾಗಿ ಚಕ್ರವೂ ಕಾರೂ ಒಂದೇ ಗಟ್ಟಿ ವಸ್ತುವಾಗುತ್ತವೆ. ಘಟ್ಟ ಇಳಿಯುವಾಗ, ಅದರಲ್ಲಿಯೂ ಬ್ರೇಕು ಹಾಕಿದಾಗ, ಭಾರವೆಲ್ಲ ಮುಂದಕ್ಕೆ ಬರುತ್ತದೆ. ತಿರುವಿನ ಭಾರ ಹೊರಕ್ಕೆ ಬರುತ್ತದೆ. ಐದು ಜನರ ತೂಕ ಬೇರೆ. ಹೀಗೆ ಮೂರೂ ಸೇರಿ ಹೊರಬದಿಯ ಮುಂದಿನ ಚಕ್ರದ ಸ್ಪ್ರಿಂಗು ಆಗಲೇ ಕೊನೆ ಮುಟ್ಟಿತ್ತು. ಅಷ್ಟರಲ್ಲಿ ಡಾಂಬರು ಕಿತ್ತ ಗುಂಡಿ ಬಂತು. ನಾವು ಕೇಳಿದ ‘ಧಡ್’ ಎಂಬ ಸದ್ದು ಅದೇ. ಟೈರು ನೆಲ ಬಿಟ್ಟಿತು, ಕಾರು ನೆಟ್ಟಗೆ ಹೋಯಿತು.

ಇನ್ನೂ ಒಂದು ಸೂಕ್ಷ್ಮವಿದೆ. ಈ ಕಾರಿನ ಮುಂದಿನ ಚಕ್ರಗಳಿಗಿರುವುದು ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರರ ಹೆಸರಿನ ಸ್ಟ್ರಟ್ಟು. ಇಂಥ ಏರ್ಪಾಡಿನಲ್ಲಿ ಕಾರನ್ನು ಬಹಳ ತಗ್ಗಿಸಿದರೆ ಕೆಳಗಿನ ತೋಳಿನ ಓರೆ ಬದಲಾಗಿ, ಕಾರು ಯಾವ ಬಿಂದುವಿನ ಸುತ್ತ ಬಾಗುತ್ತದೆಯೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಬಾಗಿಸುವ ಸನ್ನೆ ಉದ್ದವಾಗುತ್ತದೆ. ಬಾಗಬಾರದೆಂದು ತಗ್ಗಿಸಿದರೆ ಬಾಗುವ ಪ್ರವೃತ್ತಿಯೇ ಹೆಚ್ಚುವುದುಂಟು! ಚಕ್ರಗಳ ನೇರವೂ ತಪ್ಪಿ ಟೈರು ಒಂದೇ ಅಂಚಿನಲ್ಲಿ ಸವೆಯತೊಡಗುತ್ತದೆ.

ಹಾಗಾದರೆ ಸಸ್ಪೆನ್ಷನ್ನನ್ನು ಮಾರ್ಪಡಿಸಿ ಕಾರಿನ ನಡವಳಿಕೆಯನ್ನು ಉತ್ತಮಪಡಿಸುವುದು ಸಾಧ್ಯವೇ ಇಲ್ಲವೆ? ಖಂಡಿತ ಸಾಧ್ಯ. ಮೋಟಾರಿನ ಇತಿಹಾಸವೇ ಇಂಥ ಮಾರ್ಪಾಟುಗಳ ಇತಿಹಾಸ ಎಂದರೆ ಅತಿಶಯೋಕ್ತಿಯಾಗಲಾರದು. ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಹಿಡಿಸಿದ ಕೆಲವು ಪ್ರಸಂಗಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ರೋಲ್ಸ್ ರಾಯ್ಸ್ ಕಂಪನಿಯಲ್ಲಿದ್ದ ಮಾರಿಸ್ ಓಲಿ ಎಂಬ ಇಂಗ್ಲಿಷ್ ಎಂಜಿನಿಯರು 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದರು. ಅಲ್ಲಿ ಅವರು ಪ್ರಯೋಗಕ್ಕೆಂದೇ ಒಂದು ಕಾರನ್ನು ಸಿದ್ಧಪಡಿಸಿ, ಹಿಂದೆ ಮುಂದೆ ತೂಕಗಳನ್ನು ಸರಿಸುತ್ತ, ಒಂದು ಬದಲಾವಣೆ ಮಾಡಿದಾಗಲೆಲ್ಲ ಓಡಿಸಿ ನೋಡಿದರು. ಮುಂದಿನ ಸ್ಪ್ರಿಂಗುಗಳು ಹಿಂದಿನವಕ್ಕಿಂತ ಮೃದುವಾಗಿದ್ದರೆ ಕಾರು ಕುಲುಕದೆ ಸಮತಟ್ಟಾಗಿ ಹೋಗುತ್ತದೆಂದು ಕಂಡುಕೊಂಡರು. ಅಷ್ಟು ಮೃದುವಾದ ಸ್ಪ್ರಿಂಗನ್ನು ಹಳೆಯ ಒಂಟಿ ಅಚ್ಚಿಗೆ ಹಾಕುವಂತಿರಲಿಲ್ಲ. ಆದ್ದರಿಂದ ಎರಡು ಮುಂಚಕ್ರಗಳೂ ಬೇರೆಬೇರೆಯಾಗಿ ಚಲಿಸುವ ಏರ್ಪಾಡು 1934ರ ಕಾರುಗಳಲ್ಲಿ ಬಂತು. ನೋಡಿ, ಇಲ್ಲಿ ಸುಧಾರಣೆ ಬಂದದ್ದು ಬಿಗಿಯಿಂದಲ್ಲ, ಮೃದುತ್ವದಿಂದ. 1962ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ಹೊರತಂದ ಎಲಾನ್ ಎಂಬ ಕಾರು ತಿರುವಿನಲ್ಲಿ ಅದ್ಭುತವಾಗಿ ನಡೆಯುತ್ತದೆಂದು ಹೆಸರಾಯಿತು. ಅದರ ಸ್ಪ್ರಿಂಗುಗಳೂ ಮೃದುವೇ. ಆ ಮೃದುತ್ವವನ್ನು ಅಂಕೆಯಲ್ಲಿಡುವ ಕೆಲಸ ಷಾಕ್ ಅಬ್ಸಾರ್ಬರಿನದು.

ಎರಡನೆಯದು ಷೆವರ್ಲೆ ಕಾರ್ವೇರ್ ಎಂಬ ಅಮೆರಿಕದ ಕಾರಿನ ಕಥೆ. ಅದರ ಎಂಜಿನ್ ಇದ್ದುದು ಹಿಂಭಾಗದಲ್ಲಿ. ಹಿಂದಿನ ಚಕ್ರಗಳನ್ನು ಕಟ್ಟಿದ್ದ ರೀತಿಯಿಂದ, ಬಿರುಸಾಗಿ ತಿರುಗಿದಾಗ ಹೊರಬದಿಯ ಹಿಂಚಕ್ರ ಕಾರಿನ ಅಡಿಗೆ ಮಡಿಚಿಕೊಂಡು ಹಿಡಿತ ಬಿಡುವ ಸಂಭವವಿತ್ತು. ಇದನ್ನು ಸರಿದೂಗಿಸಲು ಕಂಪನಿಯವರು ಮುಂದಿನ ಟೈರಿಗೆ 15 ಪೌಂಡು, ಹಿಂದಿನದಕ್ಕೆ 26 ಪೌಂಡು ಗಾಳಿ ತುಂಬಬೇಕೆಂದು ಗೊತ್ತುಪಡಿಸಿದ್ದರು. ಒಂದು ಕಾರಿನ ಭದ್ರತೆ ಗಾಳಿಯ ಅಂಕಿಯ ಮೇಲೆ ನಿಂತಿತ್ತೆಂದರೆ ಸೋಜಿಗವಲ್ಲವೆ? 1964ರ ಮಾದರಿಯಲ್ಲಿ ಮುಂದೆ ಆಂಟಿ-ರೋಲ್ ಬಾರನ್ನೂ ಹಿಂದೆ ಅಡ್ಡಲಾಗಿ ಒಂದು ಪಟ್ಟಿ ಸ್ಪ್ರಿಂಗನ್ನೂ ಸೇರಿಸಿದರು. 1965ರ ಮಾದರಿಯಲ್ಲಿ ಹಿಂದಿನ ಏರ್ಪಾಡನ್ನೇ ಪೂರ್ತಿ ಬದಲಿಸಿದರು. ಅದೇ ವರ್ಷ ರಾಲ್ಫ್ ನೇಡರ್ ಎಂಬುವರು ಈ ಕಾರನ್ನು ಖಂಡಿಸಿ ಬರೆದ ಪುಸ್ತಕ ಅಮೆರಿಕದಲ್ಲೆಲ್ಲ ಗದ್ದಲವೆಬ್ಬಿಸಿತು. 1972ರಲ್ಲಿ ಬಂದ ಸರ್ಕಾರದ ವರದಿಯಾದರೋ, ಅದು ತನ್ನ ಕಾಲದ ಇತರ ಕಾರುಗಳಿಗಿಂತ ಕೆಟ್ಟದೇನಾಗಿರಲಿಲ್ಲವೆಂದು ಹೇಳಿತು. ವಾದ ಯಾರ ಕಡೆಗಾದರೂ ಇರಲಿ, ಒಂದು ಬಾರನ್ನು ಸೇರಿಸುವುದರಿಂದ ಕಾರಿನ ಸ್ವಭಾವವನ್ನೇ ತಿದ್ದಬಹುದೆಂಬುದು ಮಾತ್ರ ನಿಜ.

ಅದು ಹೇಗೆಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಆಂಟಿ-ರೋಲ್ ಬಾರೆಂದರೆ ಎಡಬಲ ಚಕ್ರಗಳನ್ನು ಕೂಡಿಸುವ ಒಂದು ಉಕ್ಕಿನ ಸರಳು. ಎರಡು ಚಕ್ರಗಳೂ ಒಟ್ಟಿಗೆ ಮೇಲೇರಿದರೆ ಅದು ಸುಮ್ಮನಿರುತ್ತದೆ. ಒಂದೇ ಏರಿದರೆ ತಿರುಚಿಕೊಂಡು ಎದುರು ನಿಲ್ಲುತ್ತದೆ. ತಿರುವಿನಲ್ಲಿ ದಾಟುವ ಒಟ್ಟು ಭಾರವನ್ನು ಅದು ಕಡಮೆ ಮಾಡದು, ಮುಂದಿನ ಜೋಡಿಗೆಷ್ಟು, ಹಿಂದಿನ ಜೋಡಿಗೆಷ್ಟು ಎಂಬ ಹಂಚಿಕೆಯನ್ನು ಬದಲಿಸುತ್ತದೆ. ಮುಂದೆ ಬಿಗಿ ಮಾಡಿದರೆ ಮುಂದಿನ ಟೈರು ಮೊದಲು ಸೋಲುತ್ತದೆ, ಕಾರು ತಿರುವಿನಿಂದ ಹೊರಕ್ಕೆ ಸರಿಯುತ್ತದೆ. ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಹಿಂದೆ ಬಿಗಿ ಮಾಡಿದರೆ ಹಿಂದಿನ ಟೈರು ಮೊದಲು ಸೋತು ಕಾರಿನ ಬಾಲ ಬೀಸುತ್ತದೆ. ಅದು ಓವರ್‌ಸ್ಟಿಯರ್. ಸಾಮಾನ್ಯ ಚಾಲಕನಿಗೆ ಮೊದಲನೆಯದನ್ನು ವೇಗ ಇಳಿಸಿ ಸರಿಪಡಿಸಿಕೊಳ್ಳುವುದು ಸುಲಭ, ಎರಡನೆಯದು ಕಷ್ಟ. ಆದ್ದರಿಂದಲೇ ಮನೆಬಳಕೆಯ ಕಾರುಗಳನ್ನೆಲ್ಲ ಸ್ವಲ್ಪ ಮೊದಲನೆಯ ಸ್ವಭಾವ ಬರುವಂತೆ ಮಾಡಿರುತ್ತಾರೆ.

ಮೂರನೆಯ ಪ್ರಸಂಗ 1997ರದು. ಮರ್ಸಿಡಿಸ್ ಕಂಪನಿ ಎ-ಕ್ಲಾಸ್ ಎಂಬ ಪುಟ್ಟ ಎತ್ತರದ ಕಾರನ್ನು ಹೊರತಂದಿತು. ಸ್ವೀಡನ್ ದೇಶದಲ್ಲಿ ರಸ್ತೆಗೆ ದೊಡ್ಡ ಕಡವೆಯಂಥ ಪ್ರಾಣಿಗಳು ನುಗ್ಗುವುದುಂಟು. ಹಾಗೆ ನುಗ್ಗಿದಾಗ ತಪ್ಪಿಸಿಕೊಳ್ಳುವಂತೆ ಕಾರನ್ನು ಫಕ್ಕನೆ ಎಡಕ್ಕೂ ಬಲಕ್ಕೂ ಹೊರಳಿಸಿ ನೋಡುವ ಪರೀಕ್ಷೆಯೊಂದನ್ನು ಅಲ್ಲಿನ ಮೋಟಾರು ಪತ್ರಿಕೆಯವರು ನಡೆಸುತ್ತಾರೆ. ಆ ಅಕ್ಟೋಬರಿನ ಪರೀಕ್ಷೆಯಲ್ಲಿ ಈ ಹೊಸ ಕಾರು ಮಗುಚಿ ಬಿತ್ತು! ಜಗತ್ಪ್ರಸಿದ್ಧ ಕಂಪನಿ ಕಾರು ಕೊಡುವುದನ್ನೇ ಕೆಲವು ಕಾಲ ನಿಲ್ಲಿಸಿ, ಸಸ್ಪೆನ್ಷನ್ನನ್ನೂ ಟೈರನ್ನೂ ಮಾರ್ಪಡಿಸಿ, ಜಾರುವ ಮುನ್ನವೇ ಬೇಕಾದ ಚಕ್ರಕ್ಕೆ ತಾನಾಗಿ ಬ್ರೇಕು ಹಾಕುವ ಇಎಸ್‌ಪಿ ಎಂಬ ಸಾಧನವನ್ನು ಪ್ರತಿಯೊಂದು ಕಾರಿಗೂ ಅಳವಡಿಸಿತು. ಅಷ್ಟು ದೊಡ್ಡ ಎಂಜಿನಿಯರುಗಳೇ ಪರೀಕ್ಷೆಯಲ್ಲಿ ತಪ್ಪನ್ನು ಕಂಡುಕೊಂಡು ತಿದ್ದಿಕೊಂಡರೆಂದ ಮೇಲೆ, ಗರಗಸದ ಒಂದು ಏಟಿನಿಂದ ಎಲ್ಲ ಸರಿಹೋಗುತ್ತದೆಂದು ನಾವು ನಂಬುವುದು ಸರಿಯೆ?

ಮದುವೆಯಿಂದ ಮರಳಿದ ಮೇಲೆ ತಂದೆಯವರೂ ಅಣ್ಣನೂ ಎರಡು ಭಾನುವಾರ ಮನೆಯಂಗಳದಲ್ಲಿ ಕಾರಿನ ಕೆಲಸಕ್ಕೆ ಕುಳಿತರು. ಕೈಗೆ ಸಾಮಾನು ಎತ್ತಿಕೊಡುವುದೂ ಪುಸ್ತಕದಲ್ಲಿದ್ದುದನ್ನು ಓದಿ ಹೇಳುವುದೂ ನನ್ನ ಪಾಲಿಗೆ ಬಂತು. ತಂದೆಯವರು ಹಿಡಿದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಟೈರಿನ ಗಾಳಿ. ಕಂಪನಿ ಹೇಳಿದಷ್ಟು, ಟೈರು ತಣ್ಣಗಿರುವಾಗ ಅಳೆದು ತುಂಬಿದರು. ಎರಡನೆಯದು ಸವೆತ. ಬುಷ್ಷು, ಬಾಲ್ ಜಾಯಿಂಟು, ಟೈರು ಒಂದೊಂದನ್ನೂ ಅಲುಗಿಸಿ ನೋಡಿ ಸವೆದವನ್ನು ಬದಲಾಯಿಸಿದರು. ಸವೆದ ಬುಷ್ಷಿನ ಮೇಲೆ ಎಂಥ ಹೊಸ ಸ್ಪ್ರಿಂಗು ಹಾಕಿದರೂ ದುಡ್ಡು ದಂಡ. ಮೂರನೆಯದು ಸ್ಪ್ರಿಂಗು. ಕತ್ತರಿಸಿದವನ್ನು ಕಿತ್ತುಹಾಕಿ ಮೂಲ ಅಳತೆಯವನ್ನೇ ಹಾಕಿದರು. ನಾಲ್ಕನೆಯದು ಷಾಕ್ ಅಬ್ಸಾರ್ಬರು. ನಾಲ್ಕನ್ನೂ ಹೊಸದಾಗಿ ತಂದರು. ಹಳೆಯವನ್ನು ಕೈಯಿಂದ ಒತ್ತಿದರೆ ತಡೆಯೇ ಇರಲಿಲ್ಲ. ಅಣ್ಣನಿಗೆ ಕಾರು ಮೊದಲಿಂದಲೂ ಓಲಾಡುತ್ತಿದ್ದಂತೆ ತೋರಿದ್ದಕ್ಕೆ ನಿಜವಾದ ಕಾರಣ ಇದೇ. ಸ್ಪ್ರಿಂಗಿನದೇನೂ ತಪ್ಪಿರಲಿಲ್ಲ. ಐದನೆಯದು ಚಕ್ರಗಳ ಅಲೈನ್‌ಮೆಂಟು. ಅದನ್ನು ಪೇಟೆಯಲ್ಲಿ ಯಂತ್ರದ ಮೇಲೆ ನೋಡಿಸಿದರು. ಕೊನೆಯದಾಗಿ ತಲೆಯ ಮೇಲಿದ್ದ ಲಗೇಜು ಕ್ಯಾರಿಯರನ್ನು ಬಿಚ್ಚಿ ತೆಗೆದು, ಅದರಲ್ಲಿರುತ್ತಿದ್ದ ಸಾಮಾನನ್ನು ಕಾರಿನ ನೆಲದ ಮೇಲಿಡಿಸಿದರು. ಗುರುತ್ವ ಕೇಂದ್ರವೆಂಬ ಮಾತನ್ನು ಅವರು ಕೇಳಿದವರಲ್ಲ, ಆದರೆ ಅದನ್ನು ಕಾಸಿಲ್ಲದೆ ತಗ್ಗಿಸುವ ಉಪಾಯ ಅವರಿಗೆ ಗೊತ್ತಿತ್ತು. ಒಂದೊಂದು ಕೆಲಸವಾದ ಮೇಲೂ ಊರಾಚೆಯ ಅದೇ ತಿರುವಿನಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿದರು. ಓಲಿಯವರ ಕಥೆ ಓದುವಾಗ ನನಗೆ ನೆನಪಾದದ್ದು ಈ ಓಡಾಟವೇ.

ಇದಕ್ಕೂ ಮೀರಿ ಮಾರ್ಪಡಿಸಬೇಕೆನ್ನುವವರು ಒಂದಕ್ಕೊಂದು ಹೊಂದುವಂತೆ ಮಾಡಿದ ಸ್ಪ್ರಿಂಗು, ಷಾಕ್ ಅಬ್ಸಾರ್ಬರುಗಳ ಜೋಡಿಯನ್ನೇ ತಿಳಿದವರಿಂದ ಹಾಕಿಸಬೇಕು. ಕಾನೂನನ್ನೂ ಮರೆಯಬಾರದು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಸೆಕ್ಷನ್ನಿನ ಪ್ರಕಾರ, ತಯಾರಕರು ಮೂಲತಃ ಗೊತ್ತುಪಡಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಹೊಂದದೆ ಹೋಗುವಂತೆ ಮಾಲೀಕನು ವಾಹನವನ್ನು ಬದಲಿಸಕೂಡದು.

ದೀಪಾವಳಿಯ ಹೊತ್ತಿಗೆ ನಾವು ಮತ್ತೆ ಚಾರ್ಮಾಡಿ ಇಳಿದೆವು. ಸ್ಟಿಯರಿಂಗಿನಲ್ಲಿ ಅಣ್ಣನೇ ಇದ್ದನು. ತಂದೆಯವರು ಹಟ ಹಿಡಿದು ಅವನನ್ನೇ ಕೂರಿಸಿದ್ದರು. ಆ ತಿರುವು ಬಂತು. ಕಾರು ಸ್ವಲ್ಪ ಬಾಗಿತು, ಗುಂಡಿಯನ್ನು ನುಂಗಿಕೊಂಡಿತು, ತಿರುಗಿತು. ಯಾರೂ ಏನೂ ಮಾತಾಡಲಿಲ್ಲ. ಅಜ್ಜಿ ಎಲೆಯಡಿಕೆಯ ಚೀಲ ಬಿಚ್ಚಿದರು.

ಈ ಲೇಖನವನ್ನು ಕಾಲೇಜಿಗೆ ಕೊಡುವ ಮುನ್ನ ತಂದೆಯವರಿಗೆ ಪೂರ್ತಿ ಓದಿ ಹೇಳಿದೆ. ನಮ್ಮ ವಂಶದಲ್ಲಿ ಬಿ.ಎ. ತನಕ ಬಂದವಳು ನಾನೊಬ್ಬಳೇ. ಓದಿದವಳೆಂಬ ಹೆಮ್ಮೆಯೂ ಅಂದು ನನಗೆ ಸ್ವಲ್ಪ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಅವರು ಕೊನೆಯ ತನಕ ಕೇಳಿ, “ಗಾಳಿಯನ್ನು ಮೂರನೆಯದಾಗಿ ಬರೆದಿದ್ದೀಯೆ, ಮೊದಲು ಬರೆ. ಕಾಸಿಲ್ಲದವನೂ ಮಾಡಬಹುದಾದ ಕೆಲಸ ಅದು” ಎಂದರು. ಹಾಗೆಯೇ ತಿದ್ದಿದ್ದೇನೆ. ಉಳಿದ ತಪ್ಪುಗಳೇನಾದರೂ ಇದ್ದರೆ ಅವು ನನ್ನವು. ವಾಚಕರು ಮನ್ನಿಸಬೇಕು.